ಖಾನೇಸುಮಾರಿಯ ಬಾಯವ್ವ

ಕಿತ್ತೂರಿನ ಪದ್ಮವ್ವನ ಮನೆಗೆ ಗಣತಿ ಮಾಸ್ತರರು ಬಂದದ್ದು ೧೯೧೧ರ ಫೆಬ್ರುವರಿಯಲ್ಲಿ, ಬಿಸಿಲೇರುವ ಹೊತ್ತಿಗೆ. ಬಾಗಿಲ ಚೌಕಟ್ಟಿನ ಮೇಲೆ ಕೆಮ್ಮಣ್ಣಿನಿಂದ ಮನೆಯ ಅಂಕಿ ಬರೆದು, ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರ ವಿವರ ಕೇಳತೊಡಗಿದರು. ಪದ್ಮವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅವಳ ಆರೈಕೆಗೆಂದು ಬೈಲಹೊಂಗಲದ ಗಂಡನ ಮನೆಯಿಂದ ಬಂದಿದ್ದ ಮಗಳು ಸಾವಿತ್ರೆವ್ವ ಹೊಸ್ತಿಲಲ್ಲಿ ನಿಂತು ಉತ್ತರ ಹೇಳುತ್ತಿದ್ದಳು.

"ನೀವು ಹುಟ್ಟಿದ ಊರ್ರೀ?"

"ಇದ ಮತ್ತ, ಕಿತ್ತೂರು."

ಒಳಗಿನಿಂದ ಪದ್ಮವ್ವ ಕೂಗಿದಳು. "ಸರಕಾರಕ್ಕ ಸುಳ್ಳ ಬರಸಬ್ಯಾಡ ಸಾವಿತ್ರಿ. ನೀ ಇಲ್ಲಿ ಹುಟ್ಟಿಲ್ಲ."

ಮಾಸ್ತರರು ಲೇಖನಿ ಎತ್ತಿ ಹಿಡಿದು ಕಾದರು. ಸಾವಿತ್ರೆವ್ವ ನಕ್ಕು, ಮುದುಕಿಗೆ ಜ್ವರ ನೆತ್ತಿಗೇರಿದೆ ಎಂದು ಹೇಳಿ ಅವರನ್ನು ಮುಂದಿನ ಮನೆಗೆ ಕಳಿಸಿದಳು. ಆದರೆ ಜ್ವರ ಇರಲಿಲ್ಲ. ಒಳಗೆ ಬಂದು ಹಾಸಿಗೆಯ ಬಳಿ ಕೂತಾಗ ಪದ್ಮವ್ವ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ದೊಡ್ಡ ಬರ ಬಿದ್ದ ವರ್ಷ ಸವದತ್ತಿ ಕಡೆಯ ಒಬ್ಬ ಮನುಷ್ಯ ಮಕ್ಕಳನ್ನು ಕಟ್ಟಿಕೊಂಡು ಬಂದು ಪದ್ಮವ್ವನ ಗಂಡನ ಕಾಳಿನ ಅಂಗಡಿಯ ಮುಂದೆ ನಿಂತಿದ್ದ. ಅವರಲ್ಲಿ ಕಿರಿಯವಳನ್ನು, ಇನ್ನೂ ನೆನಪು ನಿಲ್ಲದ ವಯಸ್ಸಿನವಳನ್ನು, ಇಲ್ಲಿ ಬಿಟ್ಟುಹೋದ. ಆ ಕಿರಿಯವಳೇ ಸಾವಿತ್ರೆವ್ವ.

"ಹೆಸರು? ಊರು?"

"ಅವನ ಹೆಸರ ಕೇಳಲಿಲ್ಲ. ಊರಿನ ಹೆಸರಿನಾಗ 'ಹಾಳ' ಅಂತ ಇತ್ತು, ಮಲಪ್ರಭಾ ದಂಡಿ ಮ್ಯಾಲಿನ ಊರು. ಆ ದೊಡ್ಡ ಹುಡುಗಿ 'ಬಾಯವ್ವ, ಬಾಯವ್ವ' ಅಂತ ನಿನ್ನ ಕರಕೋತ ಅಳತಿದ್ಲು. ಆಕಿ ಇಂದ್ರವ್ವ. ಗಂಡ ಹುಡುಗ ಲಕ್ಕಪ್ಪ. ಇಷ್ಟ ಗೊತ್ತು ನನಗ."

ನಲವತ್ತರ ಹತ್ತಿರ ಬಂದ ಹೆಂಗಸಿಗೆ ತಾನು ಬೇರೆ ಯಾರೋ ಎಂದು ಒಂದು ಮುಂಜಾನೆ ತಿಳಿದರೆ ಏನಾಗಬೇಕು? ಸಾವಿತ್ರೆವ್ವನಿಗೆ ಮೊದಲು ಏನೂ ಆಗಲಿಲ್ಲ. ಗಂಜಿ ಕಾಯಿಸಿದಳು, ಮುದುಕಿಯ ಬೆನ್ನು ಒರೆಸಿದಳು. ನಾಲ್ಕು ದಿನ ಕಳೆದ ಮೇಲೆ ಒಂದು ಯೋಚನೆ ಅವಳನ್ನು ಹಿಡಿದುಕೊಂಡು ಬಿಡಲಿಲ್ಲ. ಕರುಳಿನ ಕೂಸನ್ನು ಕೊಟ್ಟುಬಿಡಬೇಕಾದರೆ ಆ ತಾಯಿ ಎಷ್ಟು ದಿನ ಉಪವಾಸ ಇದ್ದಿರಬೇಕು? ಕಣ್ಣು ಮುಚ್ಚಿದರೆ ಎಲುಬು ಎದ್ದ ಹೆಂಗಸೊಬ್ಬಳು ಬರಿ ಮಡಿಲು ಒಡ್ಡಿಕೊಂಡು ಕಾಣುತ್ತಿದ್ದಳು. ಹುಡುಕಬೇಕು, ಸಿಕ್ಕರೆ ಒಂದು ಸೀರೆ ಉಡಿಸಬೇಕು, 'ನಾ ಉಂಡು ಬೆಳೆದೆ, ನೀ ಮರುಗಬೇಡ' ಎನ್ನಬೇಕು. ಅಷ್ಟೇ ಅವಳ ಆಸೆ.

ಅವಳ ಗಂಡ ನಿಜಗುಣಪ್ಪ ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರಿ. ವಿಷಯ ಕೇಳಿ ಮೂಗಿನ ಮೇಲೆ ಬೆರಳಿಟ್ಟ. "ಹಳೇ ಹುಣ್ಣು ಕೆರಕೊಂಡ್ರ ಕೀವ ಬರತೈತಿ, ನೋಡು. ಮಂದಿ ಏನಂತಾರ?" ಎಂದ. ಆದರೂ ಹೆಂಡತಿಯ ಮುಖ ನೋಡಿ ಪೇಟೆಯಲ್ಲಿ ವಿಚಾರಿಸಿದ. ಆ ಕಡೆ ಹೆಸರಿನಲ್ಲಿ ಹಾಳ ಇರುವ ಊರುಗಳು ಮೂರು. ಆದರೆ ಇಂದ್ರವ್ವ, ಲಕ್ಕಪ್ಪ ಎಂಬವರು ಓಣಿಗೊಬ್ಬರು. ಊರ ಅಗಸಿ ಬಾಗಿಲಲ್ಲಿ ನಿಂತು 'ಬರದಲ್ಲಿ ಮಗಳನ್ನು ಕೊಟ್ಟವರು ಯಾರು' ಎಂದು ಕೇಳಿದರೆ ಹೌದು ಎನ್ನುವವರು ಯಾರು? ದಾರಿ ತೋರಿಸಿದವನು ಅವನೇ: "ಬರಕ್ಕಿಂತ ಮೊದಲ ಒಂದು ಖಾನೇಸುಮಾರಿ ಆಗಿತ್ತು. ಮನಿ ಮನಿ ಹೆಸರ ಬರದಿದ್ರು. ಕೆಲವು ಕುಲಕರ್ಣಿ ಮನ್ಯಾಗ ಇನ್ನೂ ಆ ಕಾಗದ ಅದಾವಂತ. ಒಂದ ಸೂರಿನ ಕೆಳಗ ಮೂರೂ ಹೆಸರು ಎಲ್ಲಿ ಸಿಗತಾವೋ ಅದ ನಿನ್ನ ಮನಿ."

ಪದ್ಮವ್ವನ ಹತ್ತಿರ ನೆರೆಯವರನ್ನು ಬಿಟ್ಟು, ಗಾಡಿ ಹೊಡೆಯುವ ದುರ್ಗಪ್ಪನನ್ನು ಕರೆದುಕೊಂಡು ಸಾವಿತ್ರೆವ್ವ ಹೊರಟಳು. ಅಂಗಡಿಯ ಲೆಕ್ಕಕ್ಕೆಂದು ಕಿತ್ತೂರಿನ ತಂದೆ ಕಲಿಸಿದ್ದ ಅಕ್ಷರ ಅವಳಿಗೆ ಬರುತ್ತಿತ್ತು. ಮೊದಲನೆಯ ಊರಿನಲ್ಲಿ ಕಾಗದವೆಲ್ಲ ಎಂದೋ ಒಲೆಗೆ ಹೋಗಿತ್ತು. ಎರಡನೆಯ ಊರಿನಲ್ಲಿ ಹೆಸರುಗಳಿದ್ದವು, ಒಂದೇ ಮನೆಯಲ್ಲಿ ಇರಲಿಲ್ಲ. ಮೂರನೆಯದು ಎಕ್ಕಿಹಾಳ.

ಎಕ್ಕಿಹಾಳದ ಲೆಕ್ಕಪತ್ರ ನೋಡುವ ಕುಲಕರ್ಣಿ ಗುಂಡೋಪಂತ ಎಂಬವನು. ನಿಜಗುಣಪ್ಪನ ಹೆಸರು ಕೇಳಿ ಪಡಸಾಲೆಗೆ ಕರೆದು ಚಾಪೆ ಹಾಸಿದ. ಅಟ್ಟದಿಂದ ಗಂಟು ಎಳೆದು ಒಗೆದಾಗ ಇಲಿಯ ಹಿಕ್ಕೆ ಉದುರಿ, ಉಚ್ಚೆಯ ಘಾಟು ಮೂಗಿಗೆ ಹೊಡೆಯಿತು. ಅರ್ಧಕ್ಕರ್ಧ ಹಾಳೆಗಳು ಇರಲೇ ಇಲ್ಲ. "ನಮ್ಮಾಕಿ ಉಪ್ಪಿನಕಾಯಿ ಭರಣಿ ಬಾಯಿಗೆ ಕಟ್ಟಾಕ ಒಯ್ದಾಳ್ರಿ. ಹಳೇ ಕಾಗದ ಗಟ್ಟಿ ಇರತೈತಿ," ಎಂದು ನಕ್ಕ. ಬಾಯಿ ತುಂಬ ತಂಬಾಕು. ಹಾಳೆ ತಿರುವುವಾಗಲೆಲ್ಲ ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುತ್ತಿದ್ದ. ಒಂದೊಂದು ಮನೆತನದ ಮೇಲೂ ಕೆಂಪು ಹೆಬ್ಬೆಟ್ಟು ಮೂಡುತ್ತಿತ್ತು.

"ಇಂವ ಬರದಾಗ ಸತ್ತಾ. ಇಕಿನೂ ಸತ್ಲು. ಈ ಮನಿ ಪೂರಾ ಸಾಫ್!" ಎನ್ನುತ್ತ ಹಾಳೆಗಳನ್ನು ಎಲೆ ಅಡಿಕೆ ಎಣಿಸಿದಂತೆ ಆಚೆ ಸರಿಸಿದ. ಸಾವಿತ್ರೆವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕೊನೆಗೆ, "ನೀವು ಕುಂದರ್ರಿ, ನಾನ ನೋಡ್ತೇನಿ," ಎಂದು ಗಂಟನ್ನು ತನ್ನ ಕಡೆ ಎಳೆದುಕೊಂಡಳು.

ಬೆಳ್ಳಿಮೀನು ಹುಳುಗಳು ಬೆರಳ ಸಂದಿಯಿಂದ ಓಡಾಡಿದವು. ಎರಡು ಹಾಳೆಗಳ ನಡುವೆ ಒಂದು ಹಲ್ಲಿ ಒಣಗಿ ಅಂಟಿಕೊಂಡಿತ್ತು. ಅದನ್ನು ಕಡ್ಡಿಯಿಂದ ಕಿತ್ತು ಒಗೆದು, ಕೆಳಗಿನ ಸಾಲು ಓದಿದಳು. ಅಮೋಘಸಿದ್ದಪ್ಪ, ಕುರಿ ಸಾಕಣೆ. ಹೆಂಡತಿ ಮರೆವ್ವ. ಮಗಳು ಇಂದ್ರವ್ವ. ಮಗ ಲಕ್ಕಪ್ಪ. ಅದರ ಕೆಳಗೆ, ಹಲ್ಲಿಯ ಬಾಲದ ಗುರುತು ಬಿದ್ದಲ್ಲಿ: ಬಾಯವ್ವ, ಮೊಲೆಗೂಸು.

ಬರದ ನಂತರದ ಖಾನೇಸುಮಾರಿಯ ಹಾಳೆಯೂ ಸಿಕ್ಕಿತು. ಅದರಲ್ಲಿ ಮರೆವ್ವ ಇರಲಿಲ್ಲ, ಬಾಯವ್ವನೂ ಇರಲಿಲ್ಲ.

"ಅಮೋಘಸಿದ್ದನ ಮನೀನ?" ಗುಂಡೋಪಂತ ಅಂಗಳಕ್ಕೆ ಪಿಚಕ್ಕನೆ ಉಗುಳಿದ. "ಮುದುಕ ಇನ್ನೂ ಅದಾನ್ರಿ. ಕೆರಿ ಓಣ್ಯಾಗ ಕಡೇ ಮನಿ. ಟಗರಿನ ಮನಿ ಅಂತ ಕೇಳ್ರಿ, ಕೂಸೂ ತೋರಸತೈತಿ."

ತಾಯಿ ಇಲ್ಲವೆಂದು ತಿಳಿದು ಸಾವಿತ್ರೆವ್ವ ಗಾಡಿಗೆ ಮರಳಿದಳು. ಗಾಡಿಯಲ್ಲಿ ಮಡಿಚಿ ಇಟ್ಟಿದ್ದ ಹಸಿರು ಇಳಕಲ್ ಸೀರೆಯನ್ನು ಮುಟ್ಟಿ ನೋಡಿದಳು. ಬಾವಿಯ ಬಳಿ ಗಾಡಿ ನಿಲ್ಲಿಸಿ ಕೈ ತೊಳೆದಳು, ಮಣ್ಣು ಹಚ್ಚಿ ಮತ್ತೊಮ್ಮೆ ತೊಳೆದಳು. ಅಪ್ಪನಾದರೂ ಇದ್ದಾನಲ್ಲ, ಅವನ ಕಾಲು ಹಿಡಿದು ಸಮಾಧಾನ ಹೇಳೋಣ ಎಂದುಕೊಂಡು ಕೆರೆ ಓಣಿಗೆ ಗಾಡಿ ಹೊಡೆಸಿದಳು.

ಮನೆ ಗಟ್ಟಿಯಾಗಿಯೇ ಇತ್ತು. ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಮುದುಕನೊಬ್ಬ ಕೂತಿದ್ದ. ಕಣ್ಣಿಗೆ ಪೊರೆ ಬಂದಿತ್ತು, ಕೈಯಲ್ಲಿ ಬೆಳ್ಳಿಯ ಕಡಗ. ಅಂಗಳ ಗುಡಿಸುತ್ತಿದ್ದ ಬೋಳು ಹಣೆಯ ಹೆಂಗಸು ಸಾವಿತ್ರೆವ್ವ ತನ್ನ ಹಳೆಯ ಹೆಸರು ಹೇಳಿದೊಡನೆ ಕಸಬರಿಗೆ ಬಿಟ್ಟು ಬಂದು ಅವಳ ಕುತ್ತಿಗೆಯ ಹಿಂದೆ ನೆನಪಿದ್ದಾಗಿನಿಂದ ಇದ್ದ ಸುಟ್ಟ ಕಲೆಯನ್ನು ಮುಟ್ಟಿ ನೋಡಿದಳು. ಇಂದ್ರವ್ವ. ಅವಳು ಸಾವಿತ್ರೆವ್ವನ ಹೆಗಲ ಮೇಲೆ ಹಣೆ ಇಟ್ಟು ನಿಂತಳು. ಒಳಗಿನಿಂದ ಲಕ್ಕಪ್ಪ ಬಂದ. ಹೊಟ್ಟೆ ಮುಂದೆ ಬಂದ ಗಂಡಸು. ತಂಗಿಯ ಮುಖಕ್ಕಿಂತ ಮೊದಲು ಗಾಡಿಯನ್ನೂ ಎತ್ತುಗಳನ್ನೂ ನೋಡಿದ.

"ಯಾರದು? ಬಾಯವ್ವೇನು?" ಮುದುಕ ಕೈ ಚಾಚಿದ. "ಕಿತ್ತೂರ ಶೆಟ್ಟಿ ಮನಿಗೆ ಹೋದಾಕಿ? ಬಾ, ಬಾ." ಅವಳ ರಟ್ಟೆ ಹಿಡಿದು ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿದ. ಸಂತೆಯಲ್ಲಿ ಕುರಿಯ ಬೆನ್ನು ಒತ್ತಿ ನೋಡುವ ರೀತಿ ಅದು. "ಮೈಕೈ ತುಂಬಿಕೊಂಡೀ. ಚಲೋ ಮನಿ ನೋಡೇ ಕೊಟ್ಟಿದ್ದೆ ನಾನು."

ರಟ್ಟೆ ಬಿಡಿಸಿಕೊಳ್ಳಬೇಕೆನ್ನಿಸಿದರೂ ಅವಳು ಬಿಡಿಸಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ ಮಾತು ಆಡಿದಳು. "ನಾ ಸಿಟ್ಟಿಲೆ ಬಂದಿಲ್ಲಪ್ಪಾ. ಬರದಾಗ ನಿಮಗ ಭಾಳ ತ್ರಾಸ ಆಗಿರಬೇಕು."

"ತ್ರಾಸಂದ್ರ ತ್ರಾಸ ಏನವ್ವಾ! ಹುಲಿಯಗ ಹಾಕಾಕ ಒಂದ ಕಾಳ ಇಲ್ಲದಂಗ ಆತು."

"ಹುಲಿಯ ಯಾರು?" ತನಗೆ ಇನ್ನೊಬ್ಬ ಒಡಹುಟ್ಟಿದವನಿದ್ದನೇ ಎಂದು ಅವಳಿಗೆ ಅನ್ನಿಸಿತು.

ಮುದುಕ ತಲೆಯೆತ್ತಿ ಗೋಡೆಯ ಕಡೆ ಕೈ ಮಾಡಿದ. ಅಲ್ಲಿ ತಿರುಚಿದ ಎರಡು ದೊಡ್ಡ ಕೊಂಬುಗಳಿದ್ದವು, ಅರಿಷಿಣ ಕುಂಕುಮ ಬಳಿದು, ಹೂ ಮುಡಿಸಿ.

"ನನ್ನ ಟಗರು! ಅಂಥಾ ಟಗರು ಈ ಸೀಮ್ಯಾಗ ಹುಟ್ಟಿಲ್ಲ. ಮಂದಿ ಎಲ್ಲಾ ಕಡದು ತಿನ್ನು ಅಂದ್ರು, ಮಾರು ಅಂದ್ರು. ಮಾರ್ತೇನಿ? ಕಿತ್ತೂರ ಶೆಟ್ಟಿ ಅಂಗಡ್ಯಾಗ ಕಡ್ಲಿ ಐತಿ ಅಂತ ಸುದ್ದಿ ಬಂತು. ಶೆಟ್ಟಿ ಹೆಂಡ್ತಿಗೆ ಮಕ್ಕಳಿಲ್ಲ ಅಂತನೂ ಸುದ್ದಿ ಬಂತು. ನಿನ್ನ ಕರಕೊಂಡು ಹ್ವಾದೆ. ಎರಡ ಚೀಲ ಕೇಳಿದೆ. ಆ ಹೆಣ್ಮಗಳು ಗಟ್ಟಿ! ನಿನ್ನ ಬಾಯಿ ತಗಸಿ ಹಲ್ಲ ನೋಡಿ, 'ಇದು ಬದಕೂದ ಖಾತ್ರಿ ಇಲ್ಲ' ಅಂದು ಒಂದ ಚೀಲಕ್ಕ ಇಳಿಸಿದ್ಲು."

ಸಾವಿತ್ರೆವ್ವನ ಬಾಯಲ್ಲಿ ನೀರು ತುಂಬಿತು. ವಾಕರಿಕೆಗೆ ಮುಂಚೆ ಬರುವ ಉಪ್ಪು ನೀರು.

"ಬರ ಮುಗದ ಮ್ಯಾಲ ರಾಮದುರ್ಗದಾಗ ಕಾಳಗ ಇಟ್ಟಿದ್ರು," ಮುದುಕ ಹೇಳುತ್ತಲೇ ಇದ್ದ. ಪೊರೆ ಬಂದ ಕಣ್ಣು ಹೊಳೆಯುತ್ತಿತ್ತು. "ಎಲ್ಲಾರ ಟಗರೂ ಸತ್ತು ಹೋಗಿದ್ವು, ಉಳಿದವು ಎಲುಬಿನ ಹಂದರ. ನಮ್ಮ ಹುಲಿಯ ಒಬ್ಬನೇ ಗೂಳಿಯಂಗ ನಿಂತಿದ್ದ. ಒಂದ ಗುದ್ದಿಗೆ ಎದುರಿನ ಟಗರಿನ ನೆತ್ತಿ ಹೋಳು! ಆ ದಿನ ಹಾಕಿದ ಕಡಗ ಇದು. ನೋಡು, ಮುಟ್ಟು."

"ನಮ್ಮವ್ವ ಯಾವಾಗ ತೀರಿಕೊಂಡ್ಲು?"

"ನಿಮ್ಮವ್ವ... ಅದ ಬ್ಯಾಸಗ್ಯಾಗಿರಬೇಕು. ಯಾ ತಿಂಗಳೋ, ನೆನಪಿಲ್ಲ. ಹುಲಿಯ ಹ್ವಾದದ್ದು ಮಾತ್ರ ನಾಗರ ಅಮಾಸಿ ಮರುದಿನ, ಹೊತ್ತು ಏರೂದರಾಗ. ನನ್ನ ತೊಡಿ ಮ್ಯಾಲ ತಲಿ ಇಟ್ಟು ಹ್ವಾದಾ." ಮುದುಕ ಕಂಬಳಿಯ ತುದಿಯಿಂದ ಕಣ್ಣು ಒರೆಸಿಕೊಂಡ. ನಿಜವಾದ ಕಣ್ಣೀರು.

ಸಾವಿತ್ರೆವ್ವ ಎದ್ದು ಹಿತ್ತಲಿಗೆ ಹೋಗಿ ಬೇಲಿಯ ಬುಡದಲ್ಲಿ ವಾಂತಿ ಮಾಡಿಕೊಂಡಳು. ಇಂದ್ರವ್ವ ತಂಬಿಗೆಯಲ್ಲಿ ನೀರು ತಂದು ಅವಳ ಬೆನ್ನು ಸವರಿದಳು.

"ಊರಾಗ ಎಲ್ಲಾರೂ ಕುರಿ ಮಾರಿ ಮಕ್ಕಳ್ನ ಉಳಿಸಿಕೊಂಡ್ರು ತಂಗಿ. ನಮ್ಮಪ್ಪ ಮಗಳ್ನ ಮಾರಿ ಟಗರ ಉಳಿಸಿದಾ," ಎಂದಳು ಇಂದ್ರವ್ವ ಮೆಲ್ಲಗೆ. "ಆ ಕಡ್ಲಿ ನಮಗ ಕೊಡಲಿಲ್ಲ. ನೆನಿಹಾಕಿ ಟಗರಿಗೆ ತಿನಸತಿದ್ದಾ. ಅದು ಜೊಲ್ಲ ಸುರಿಸಿ ಬಿಟ್ಟ ಕಾಳ ನಾನು, ಲಕ್ಕ ಬಾನ್ಯಾಗಿಂದ ಆರಿಸಿ ತಿಂತಿದ್ವಿ. ಅವ್ವ ಅದನ್ನ ಮುಟ್ಟಲಿಲ್ಲ. ನೀ ಹ್ವಾದ ದಿನದಿಂದ ಆಕಿ ಏನೂ ಮುಟ್ಟಲಿಲ್ಲ."

ತಾಯಿಗೆಂದು ತಂದ ಸೀರೆಯನ್ನು ಗಾಡಿಯಿಂದ ತರಿಸಿ ಇಂದ್ರವ್ವನ ಕೈಯಲ್ಲಿಟ್ಟು, ಇನ್ನು ಹೊರಡುತ್ತೇನೆಂದು ಅಂಗಳಕ್ಕೆ ಬಂದಾಗ ಲಕ್ಕಪ್ಪ ದಾರಿಗೆ ಅಡ್ಡ ನಿಂತಿದ್ದ. ಅವನ ಪಕ್ಕದಲ್ಲಿ ಕೆದರಿದ ತಲೆಯ ಏಳೆಂಟು ವರ್ಷದ ಹುಡುಗಿ.

"ಇಕಿ ನನ್ನ ಕಡೇ ಮಗಳು. ಹಡದಾಕಿ ಸತ್ತಾಳ. ನಿನ್ನ ಹೆಸರ ಇಟ್ಟೇನಿ ನೋಡು, ಬಾಯವ್ವ ಅಂತ. ನಿಮಗೇನು ಕಡಿಮಿ ಐತಿ? ಕರಕೊಂಡು ಹೋಗು. ಕಸಾ ಮುಸುರಿ ಎಲ್ಲಾ ಮಾಡ್ತಾಳ." ಹುಡುಗಿಯ ಬೆನ್ನಿಗೆ ಕೈ ಹಚ್ಚಿ ಮುಂದೆ ದೂಡಿದ. "ನಿನ್ನ ಗಂಡಗ ಹೇಳಿ ನಮಗೊಂದು ಜೋಡಿ ಎತ್ತು ಕೊಡಸು. ಮನಿ ಮಗಳು ಮನ್ಯಾಗ ಉಳದಂಗ ಆತು, ನನಗೂ ಅನುಕೂಲ ಆತು."

ಸಾವಿತ್ರೆವ್ವ ಹುಡುಗಿಯನ್ನು ನೋಡಿದಳು. ಕೈಕಾಲು ಗಟ್ಟಿ ಇವೆ, ಕಣ್ಣು ಚುರುಕಾಗಿವೆ, ಮನೆಗೆಲಸಕ್ಕೆ ಆದೀತು. ಅರೆಗಳಿಗೆ, ಅರೆಗಳಿಗೆ ಮಾತ್ರ, ಹಾಗೆ ತೂಗಿ ನೋಡಿತು ಅವಳ ಮನಸ್ಸು. ಹಾಗೆ ನೋಡುತ್ತಿರುವುದು ತಾನೇ ಎಂದು ತಿಳಿದಾಗ ಅವಳಿಗೆ ಮುದುಕನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಹೇಸಿಗೆ ತನ್ನ ಮೇಲೆಯೇ ಬಂತು.

"ಎತ್ತೂ ಇಲ್ಲ, ಕಾಳೂ ಇಲ್ಲ. ಹಂಗ ಕಳಸ್ತೀ ಅಂದ್ರ ಕಳಸು, ಮಗಳಂಗ ಸಾಕ್ತೇನಿ," ಎಂದಳು.

ಲಕ್ಕಪ್ಪ ಹುಡುಗಿಯ ಜುಟ್ಟು ಹಿಡಿದು ಹಿಂದಕ್ಕೆ ಎಳೆದುಕೊಂಡ. "ಬಿಟ್ಟಿ ಕೊಡಾಕ ನಾಯಿಮರಿ ಅಂತ ತಿಳದೀ?"

ಗಾಡಿ ಹತ್ತುವಾಗ ಇಂದ್ರವ್ವನ ಕೈ ಹಿಡಿದು, "ನೀನರ ಬಾರಕ್ಕಾ," ಎಂದು ಕರೆದಳು ಸಾವಿತ್ರೆವ್ವ. ಇಂದ್ರವ್ವ ಹುಡುಗಿಯ ಕಡೆ ನೋಡಿ ತಲೆಯಾಡಿಸಿದಳು. "ನಾ ಬಂದ್ರ ಇಕಿ ಹಿಂದ ಯಾರು ಇರ್ತಾರ?"

ಕಿತ್ತೂರಿಗೆ ಬಂದು ಸ್ನಾನ ಮಾಡಿದ ಮೇಲೂ ಆ ಹೆಬ್ಬೆರಳು ರಟ್ಟೆಯ ಮೇಲೆ ಒತ್ತುತ್ತಲೇ ಇದ್ದಂತಿತ್ತು. ಮರುದಿನ ಮುಂಜಾನೆ ಪದ್ಮವ್ವನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ ಕೇಳಿದಳು. "ನನ್ನ ಹಲ್ಲ ನೋಡಿದೇನು ಅವ್ವಾ?"

ಮುದುಕಿ ಗೋಡೆಯ ಕಡೆ ಮುಖ ಮಾಡಿದಳು. "ನೋಡಿದೆ."

"ಎರಡ ಚೀಲ ಕೇಳಿದ್ರ ಒಂದ ಅಂದೀ. ಮನ್ಯಾಗ ಇರಲಿಲ್ಲೇನು?"

"ಕೋಣಿ ತುಂಬ ಇದ್ವು. ಸುಳ್ಳ ಯಾಕ ಹೇಳ್ಲಿ? ನಿನ್ನ ನೋಡಿದ ಕೂಡಲೇ ಬೇಕಂತ ಅನಿಸಿತ್ತು ನನಗ. ಅದು ಅವಗ ಗೊತ್ತಾದ್ರ ನಾಕ ಚೀಲ ಕೇಳ್ತಾನ ಅಂತ ಚೌಕಾಶಿ ಮಾಡಿದೆ. ವ್ಯಾಪಾರಸ್ಥರ ಮನ್ಯಾಗ ಮತ್ತ ಹೆಂಗ ಮಾಡೂದು ನನಗೂ ಗೊತ್ತಿರಲಿಲ್ಲ." ಪದ್ಮವ್ವ ಅವಳ ಕೈ ಹುಡುಕಿದಳು. "ನಿಮ್ಮವ್ವ ಊರಾಗ ಉಪಾಸ ಅದಾಳ ಅಂತ ಆ ದೊಡ್ಡ ಹುಡುಗಿ ಹೇಳಿತ್ತು. ಆ ಇನ್ನೊಂದು ಚೀಲ ಕೊಟ್ಟಿದ್ರ ಆಕಿಗೆ ಉಣ್ಣಾಕ ಸಿಗತಿತ್ತೋ ಏನೋ ಅಂತ ಆಮ್ಯಾಲ ಅನಿಸೇತಿ. ದಿನಾ ಅನಿಸೇತಿ."

ಆ ಚೀಲವೂ ಟಗರಿಗೇ ಹೋಗುತ್ತಿತ್ತು ಎಂದು ಹೇಳಿ ಮುದುಕಿಯನ್ನು ಹಗುರ ಮಾಡಬಹುದಿತ್ತು. ಸಾವಿತ್ರೆವ್ವ ಹೇಳಲಿಲ್ಲ. ಕೈಯನ್ನೂ ಕೊಡಲಿಲ್ಲ. ಯುಗಾದಿ ಕಳೆದು ಪದ್ಮವ್ವ ಸಾಯುವವರೆಗೂ ಅವಳ ಮೈ ತೊಳೆದಳು, ಬಟ್ಟೆ ಒಗೆದಳು, ಹುಣ್ಣಿಗೆ ಎಣ್ಣೆ ಹಚ್ಚಿದಳು, ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಆ ಮುಂಜಾನೆಯ ನಂತರ 'ಅವ್ವಾ' ಎಂಬ ಮಾತು ಅವಳ ಬಾಯಿಂದ ಹೊರಡಲಿಲ್ಲ. ಹೊರಡಿಸಲು ಒಂದೆರಡು ಸಲ ಯತ್ನಿಸಿದಳು, ನಾಲಿಗೆಯ ಮೇಲೆ ಎಂಜಲು ಕಾಳು ಇಟ್ಟಂತಾಗಿ ನುಂಗಿಕೊಂಡಳು.

ಶ್ರಾವಣದ ಒಂದು ಮಧ್ಯಾಹ್ನ ಬೈಲಹೊಂಗಲದ ಮನೆಯ ಬಾಗಿಲಿಗೆ ಇಂದ್ರವ್ವ ಬಂದು ನಿಂತಳು. ಮೊಣಕಾಲವರೆಗೆ ಎರೆಮಣ್ಣಿನ ಕೆಸರು. ಪಕ್ಕದಲ್ಲಿ ಹುಡುಗಿ ಬಾಯವ್ವ. ಲಕ್ಕಪ್ಪ ಮುದುಕನೊಬ್ಬನಿಗೆ ಹುಡುಗಿಯನ್ನು ಮದುವೆ ಮಾಡಿಕೊಡಲು ಮಾತಾಡಿಕೊಂಡು ಬಂದಿದ್ದ. ಅದನ್ನು ಕೇಳಿ ನಸುಕಿನಲ್ಲೇ ಕರೆದುಕೊಂಡು ಹೊರಟಿದ್ದಳು. ಸಾವಿತ್ರೆವ್ವ ಇಬ್ಬರನ್ನೂ ಒಳಗೆ ಕರೆದು ಬಿಸಿನೀರು ಕೊಟ್ಟಳು.

ಎರಡು ದಿನ ಬಿಟ್ಟು ಲಕ್ಕಪ್ಪ ಬಂದ. ಕಟ್ಟೆಯ ಮೇಲೆ ಕೂತು, ಓಣಿಗೆಲ್ಲ ಕೇಳುವಂತೆ, ಮಗಳನ್ನು ಕದ್ದಿದ್ದಾರೆ ಎಂದು ಒದರಿದ. ನೆರೆಹೊರೆ ಕೂಡಿತು. ನಿಜಗುಣಪ್ಪ ಹೆಂಡತಿಯನ್ನು ಒಳಗೆ ಕರೆದು, "ಏನರ ಕೊಟ್ಟು ಕಳಸೂಣು. ಮರ್ಯಾದಿ ಹೋಗಾಕತ್ತೈತಿ," ಎಂದ.

"ಒಂದ ಕಾಳ ಕೊಟ್ರೂ ನಾ ಈ ಮನ್ಯಾಗ ಇರೂದಿಲ್ಲ," ಎಂದಳು ಅವಳು.

ಹೊರಗೆ ಬಂದು ಕೂಡಿದ ಮಂದಿಯ ಎದುರು ನಿಂತಳು. "ನಾ ಇವನ ಒಡಹುಟ್ಟಿದಾಕಿ. ನನ್ನ ಬರದಾಗ ಟಗರಿನ ಕಡ್ಲಿಗೆ ಮಾರಿದ್ರು. ಈಗ ಇವ ಇದನ್ನ ಎತ್ತಿಗೆ ಮಾರಾಕ ಬಂದಾನ. ಕದ್ದೇನಿ ಅನ್ನೂದಾದ್ರ ಮಾಮಲೇದಾರ ಕಚೇರಿಗೆ ಹೋಗೂಣು ನಡಿ, ಇಬ್ಬರೂ ಹೇಳೂಣು." ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶೆಟ್ಟರ ಮಗಳಾಗಿದ್ದವಳ ಬಾಯಿಂದ ಈ ಮಾತು ಕೇಳಿ ಕೂಡಿದವರೆಲ್ಲ ಲಕ್ಕಪ್ಪನ ಕಡೆ ತಿರುಗಿದರು. ನಿಜಗುಣಪ್ಪ ತಲೆ ತಗ್ಗಿಸಿ ಒಳಗೆ ಹೋದ. ಲಕ್ಕಪ್ಪನ ದನಿ ಇಳಿಯಿತು.

"ಅದೆಲ್ಲಾ ಇರ್ಲಿ ಬಿಡು," ಎಂದ. "ದೂರದಿಂದ ಬಂದೇನಿ. ಊಟ ಆದ್ರೂ ಹಾಕಿ ಕಳಸು."

ಹಸಿದು ಬಂದವನನ್ನು ಉಪವಾಸ ಕಳಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಕಟ್ಟೆಯ ಮೇಲೆಯೇ ಎಡೆ ಹಾಕಿಸಿದಳು. ಲಕ್ಕಪ್ಪ ಚಕ್ಕಳಮಕ್ಕಳ ಕೂತು ರೊಟ್ಟಿ ಮುರಿದ, ಬದನೆಕಾಯಿ ಎಣಗಾಯಿ ಮತ್ತೆ ಮತ್ತೆ ಹಾಕಿಸಿಕೊಂಡ, ಬೆರಳುಗಳ ನಡುವೆ ಇಳಿದ ಮೊಸರನ್ನು ಮೊಣಕೈಯಿಂದ ಮೇಲಕ್ಕೆ ನೆಕ್ಕಿದ. "ಎಣಗಾಯಿ ಭಾಳ ಚಲೋ ಆಗೇತಿ," ಎಂದು ತೇಗಿದ. ಸಾವಿತ್ರೆವ್ವ ಬಾಗಿಲ ಕಂಬ ಹಿಡಿದು ನೋಡುತ್ತ ನಿಂತಳು. ಅವನ ದವಡೆ ಆಡುವ ರೀತಿ ಅವಳಿಗೆ ಅಸಹ್ಯವಾಗುತ್ತಿತ್ತು. ಆದರೂ ಅವನ ಮುಂದೆ ಖಾಲಿಯಾದದ್ದನ್ನು ತಾನೇ ಬಡಿಸಿದಳು. ಬಾನಿಯಲ್ಲಿ ಕಾಳು ಆರಿಸಿ ತಿಂದ ಹುಡುಗನೂ ಇವನೇ ಎಂಬುದನ್ನು ಅವಳು ಮರೆಯಲು ಆಗುತ್ತಿರಲಿಲ್ಲ. ಅದರಿಂದ ಅಸಹ್ಯ ಕಡಿಮೆಯೇನೂ ಆಗಲಿಲ್ಲ.

ಉಂಡು, ಕೈಯನ್ನು ಕಂಬಕ್ಕೆ ಒರೆಸಿ, ಎಲೆ ಅಡಿಕೆ ಕೇಳಿ ಹಾಕಿಕೊಂಡು ಲಕ್ಕಪ್ಪ ಎದ್ದ. ಒಳಗಿದ್ದ ಮಗಳನ್ನು ಕರೆಯಲಿಲ್ಲ. ಓಣಿಯ ತಿರುವಿನಲ್ಲಿ ಒಮ್ಮೆ ಉಗುಳಿ, ಸವದತ್ತಿಯ ದಾರಿ ಹಿಡಿದ.

ಆಳು ಬಂದು ಬಳಿಯುತ್ತೇನೆಂದರೂ ಕೇಳದೆ ಸಾವಿತ್ರೆವ್ವ ಸೀರೆ ಎತ್ತಿ ಕಟ್ಟಿ, ಸಗಣಿ ಕಲಸಿಕೊಂಡು, ಕಟ್ಟೆಯನ್ನು ತುದಿಯಿಂದ ತುದಿಯವರೆಗೆ ತಾನೇ ಸಾರಿಸಿದಳು. ಇಂದ್ರವ್ವ ಬಿಂದಿಗೆಯಿಂದ ನೀರು ಹೊಯ್ದಳು.